ಪುಟ್ಟಲಿಂಗಮ್ಮ ನಂಜನಗೂಡಿನಲ್ಲಿ ಇಳಿಯದ ದಿನ

ಮೈಸೂರಿನ ಚಾಮರಾಜಪುರಂ ರೈಲು ನಿಲ್ದಾಣದ ಹಿಂದಿನ ನಮ್ಮ ವಠಾರದಲ್ಲಿ ಎಲ್ಲರಿಗಿಂತ ಮೊದಲು ಏಳುತ್ತಿದ್ದವಳು ಪಕ್ಕದ ಮನೆಯ ಪುಟ್ಟಲಿಂಗಮ್ಮ. ಗಂಡ ಸಣ್ಣಮಾದಯ್ಯನಿಗೆ ಉಬ್ಬಸ. ರಾತ್ರಿಯೆಲ್ಲ ಅವನ ಬೆನ್ನು ನೀವಿ, ಕತ್ತಲಿರುವಾಗಲೇ ಅಡುಗೆ ಮಾಡಿಟ್ಟು ಸ್ಟೇಷನ್ನಿಗೆ ಓಡುತ್ತಿದ್ದಳು. ಚಾಮರಾಜನಗರಕ್ಕೆ ಹೋಗುವ ಮೀಟರ್‌ಗೇಜ್ ಪ್ಯಾಸೆಂಜರ್ ಹಿಡಿದು ನಂಜನಗೂಡಿನಲ್ಲಿ ಇಳಿದರೆ, ಅಲ್ಲೊಂದು ಹೆಣ್ಣುಮಕ್ಕಳ ಸರ್ಕಾರಿ ಹಾಸ್ಟೆಲಿನಲ್ಲಿ ಮತ್ತೆ ಅಡುಗೆ. ಅದೂ ಟೆಂಪರರಿ ಕೆಲಸ. ಜ್ವರ ಬಂದರೂ ರಜೆ ಇಲ್ಲ.

ಆ ಗಾಡಿಯ ಹೆಂಗಸರ ಡಬ್ಬಿ ಇತ್ತಲ್ಲ, ಅದು ಮಲಗುವ ಮನೆಯೇ ಸರಿ. ಮಿಲ್ಲಿಗೆ ಹೋಗುವವರು, ಟೀಚರುಗಳು, ಎಲ್ಲರೂ ಹತ್ತಿದ್ದೇ ತಡ ಒಬ್ಬರ ಹೆಗಲಿಗೊಬ್ಬರು ಒರಗಿ ಗೊರಕೆ ಹೊಡೆಯುತ್ತಿದ್ದರು. ಊರು ಬಂದಾಗ ಎಬ್ಬಿಸುವ ಜವಾಬ್ದಾರಿ ಪುಟ್ಟಲಿಂಗಮ್ಮನದು. ಯಾರು ಹೊರಿಸಿದರೋ ಗೊತ್ತಿಲ್ಲ. ಯಾವಾಗಲೋ ಒಂದು ಸಲ ಎಬ್ಬಿಸಿದಳು, ಅಲ್ಲಿಗೆ ಅವಳ ಕೊರಳಿಗೇ ಬಿತ್ತು. "ಪುಟ್ಟಕ್ಕ ಎದ್ದವ್ಳಲ್ಲ, ಬುಡು" ಎಂದು ಉಳಿದವರು ಹಾಯಾಗಿ ಕಣ್ಣು ಮುಚ್ಚುತ್ತಿದ್ದರು.

"ನಿಂದೂ ಒಂದು ಜೀವ ಅಲ್ವೇನೇ? ಸರದಿ ಮಾಡ್ಕೊಳಿ" ಎಂದು ನಾನು ಎಷ್ಟೋ ಸಲ ಬೈದಿದ್ದೆ. ಅವಳು ನಗುತ್ತಿದ್ದಳು. ಆ ನಗು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ತೊಂಬತ್ತೆಂಟರಲ್ಲಿ ಟೆಂಪರರಿಯವರನ್ನು ಕಾಯಂ ಮಾಡುತ್ತಾರೆಂಬ ಸುದ್ದಿ ಬಂತು. ಇಲಾಖೆಯ ಸಾಹೇಬರು ಒಂದು ಬೆಳಿಗ್ಗೆ ಹಾಸ್ಟೆಲಿಗೆ ಬಂದು ಕೆಲಸದವರನ್ನು ಕಣ್ಣಾರೆ ನೋಡಿ ಹೋಗುತ್ತಾರೆ, ಆಗ ಎದುರಿಗೆ ಇಲ್ಲದವರನ್ನು ಕೈಬಿಡುತ್ತಾರೆ ಎಂದು ವಾರ್ಡನ್ ಹೇಳಿದ್ದರು. ಕಾಯಂ ಆದರೆ ಮೈಸೂರಿಗೇ ವರ್ಗ ಕೇಳಬಹುದು. ಈ ರೈಲಿನ ಸಹವಾಸ ತಪ್ಪುತ್ತದೆ, ಬೆಳಗಿನ ಜಾವದ ಓಟ ತಪ್ಪುತ್ತದೆ. ಅವಳಿಗೆ ಬೇಕಾಗಿದ್ದದ್ದು ಅಷ್ಟೇ. ಆದರೆ ನನ್ನೊಬ್ಬಳನ್ನು ಬಿಟ್ಟು ಯಾರಿಗೂ ಹೇಳಲಿಲ್ಲ.

"ಆಗೋಕ್ ಮುಂಚೆ ಬಾಯ್ಬುಟ್ರೆ ಕಣ್ ಬೀಳ್ತದೆ ಕಣಕ್ಕ" ಅಂದಳು.

ಸಾಹೇಬರು ಬರುವ ದಿನ ಮದುವೆಯ ರೇಷ್ಮೆ ಸೀರೆ ಉಟ್ಟು, ಹೂ ಮುಡಿದು ಹೊರಟಳು. ಹಿಂದಿನ ರಾತ್ರಿ ಗಂಡನ ಉಬ್ಬಸ ಒಂದು ಕಡೆ, ಆತಂಕ ಒಂದು ಕಡೆ, ರೆಪ್ಪೆ ಮುಚ್ಚಿರಲಿಲ್ಲ. ಡಬ್ಬಿಯಲ್ಲಿ ಮಿಲ್ಲಿನ ಕೆಂಚಮ್ಮ, "ಏನ್ ಪುಟ್ಟಕ್ಕ, ನೆಂಟ್ರ ಮನೆಗಾ?" ಎಂದು ಕೇಳಿದ್ದಾಳೆ. ನಿಜ ಹೇಳುವುದು ಬೇಡವೆಂದು ಇವಳು "ಊಂ ಕಣವ್ವ" ಅಂದುಬಿಟ್ಟಿದ್ದಾಳೆ. ಕಡಕೊಳ ದಾಟುವಷ್ಟರಲ್ಲಿ ಕೂತಲ್ಲೇ ನಿದ್ದೆ ಹೋಗಿದ್ದಾಳೆ.

ನಂಜನಗೂಡಿನ ಹೊಳೆ ಸೇತುವೆಯ ಸದ್ದಿಗೆ ಕೆಂಚಮ್ಮನಿಗೆ ತಾನಾಗಿಯೇ ಎಚ್ಚರವಾಯಿತು. ಪುಟ್ಟಲಿಂಗಮ್ಮನ ತವರು ಚಾಮರಾಜನಗರದ ಕಡೆ ಎಂಬುದು ಅವಳಿಗೆ ಗೊತ್ತು. ಇನ್ನೇನು, ರೇಷ್ಮೆ ಸೀರೆಗೂ ತವರಿಗೂ ಲೆಕ್ಕ ಸರಿಹೋಯಿತು. ನಮ್ಮ ಜನಕ್ಕೆ ಕರುಣೆ ಬಂದರೆ ಬುದ್ಧಿ ಓಡುವುದಿಲ್ಲ. ಇಳಿಯುವವರನ್ನೆಲ್ಲ ಸದ್ದಿಲ್ಲದೆ ಚಿವುಟಿ ಎಬ್ಬಿಸಿ, ತನ್ನ ಚಾದರ ಮಡಿಸಿ ಪುಟ್ಟಲಿಂಗಮ್ಮನ ತಲೆಗೆ ಕೊಟ್ಟಿದ್ದಾಳೆ. "ಪಾಪ, ಯಾವತ್ತೂ ಮಲ್ಗಿಲ್ಲ. ಯಾರೂ ಮಾತಾಡಿಸ್ಬೇಡಿ ಕಣ್ರವ್ವ" ಎಂದು ಮುಂದೆ ಹೋಗುವವರಿಗೆ ತಾಕೀತು ಮಾಡಿ ಇಳಿದು ಹೋಗಿದ್ದಾಳೆ.

ಪುಟ್ಟಲಿಂಗಮ್ಮ ಕಣ್ಣು ಬಿಟ್ಟಾಗ ಚಾಮರಾಜನಗರ. ಬಿದ್ದೆನೋ ಎದ್ದೆನೋ ಎಂದು ಬಸ್ಸು ಹಿಡಿದು ವಾಪಸ್ಸು ಬರುವಷ್ಟರಲ್ಲಿ ಸಾಹೇಬರ ಜೀಪು ಹೋಗಿಯಾಗಿತ್ತು. ವಾರ್ಡನ್ ತಾನೇ ಏನು ಮಾಡಿಯಾರು? ಕಾಯಂ ಆಗುವವರಲ್ಲಿ ಇವಳಿಲ್ಲ, ಟೆಂಪರರಿ ಕೆಲಸ ಮಾತ್ರ ಹಾಗೇ ಉಳಿಯಿತು. ಅದೇ ರೇಷ್ಮೆ ಸೀರೆಯ ಸೆರಗು ಸಿಕ್ಕಿಸಿಕೊಂಡು ಮಧ್ಯಾಹ್ನದ ಸಾರಿಗೆ ಒಲೆ ಹಚ್ಚಿದಳಂತೆ.

ಸಂಜೆ ವಿಷಯ ತಿಳಿದ ಕೆಂಚಮ್ಮ ನಮ್ಮ ವಠಾರಕ್ಕೆ ಬಂದವಳೇ ಅವಳ ಬಾಗಿಲಲ್ಲಿ ಕುಸಿದಳು.

"ನಿನ್ ಅನ್ನಕ್ಕೆ ಕಲ್ಲಾಕ್ಬುಟ್ಟೆ ಪುಟ್ಟಕ್ಕ. ಒಂದ್ ಮಾತು ಯೋಳ್ಬಾರ್ದಿತ್ತಾ?"

ನನಗೆ ಕೆನ್ನೆಗೆ ಬಾರಿಸುವಷ್ಟು ಸಿಟ್ಟು. ಅದು ಕೆಂಚಮ್ಮನ ಮೇಲೋ, ಬಾಯಿ ಬಿಡದ ಇವಳ ಮೇಲೋ ನನಗೇ ತಿಳಿಯಲಿಲ್ಲ.

ಪುಟ್ಟಲಿಂಗಮ್ಮ ಗೋಡೆಗೆ ಒರಗಿ ಕೂತಿದ್ದಳು. ಅಷ್ಟು ಹೊತ್ತಿಗೆ ಅತ್ತು ಮುಗಿದಿತ್ತು.

"ನಿನ್ನ ಬಯ್ಯಕ್ಕೂ ತ್ರಾಣ ಇಲ್ಲ ಕಣೇ" ಅಂದಳು. "ಹೊಟ್ಟೆ ಉರೀತದೆ, ಇಲ್ಲ ಅನ್ನಲ್ಲ. ಆದ್ರೂ ನಿಜ ಯೋಳ್ತೀನಿ ಕೆಂಚಮ್ಮ, ಮದ್ವೆ ಆದಾಗಿಂದ ನಾನು ಅಂಥ ನಿದ್ದೆ ಮಾಡಿರ್ಲಿಲ್ಲ."