ಬೋರಪ್ಪನ ಹೆಗಲಿನ ಕಂಬಳಿ

ನಮ್ಮಲ್ಲಿ ನೂಲುವುದು ಹೆಂಗಸರು, ನೇಯುವುದು ಗಂಡಸರು. ನನ್ನ ಓರಗಿತ್ತಿ ಬೀರಮ್ಮಕ್ಕ ಈ ಪದ್ಧತಿಯನ್ನು ಮುರಿದಳು. ಬೇಕೆಂದು ಮುರಿದದ್ದಲ್ಲ. ಮನೆಯಲ್ಲಿ ಗಂಡಸರು ಉಳಿಯಲಿಲ್ಲ, ಮಗ್ಗ ಉಳಿಯಿತು.

ಶಾಂತಿಗ್ರಾಮದಿಂದ ಒಳಕ್ಕೆ ಒಂದು ಹರದಾರಿ ನಡೆದರೆ ನಮ್ಮೂರು. ಕಂಬಳಿ ನೇಯುವ ಮನೆ ನಮ್ಮದು. ಹಿರಿಯವರು ಬೀರಮ್ಮಕ್ಕನ ಗಂಡ, ಕಿರಿಯವರು ನನ್ನ ಯಜಮಾನರು. ಮಗ್ಗದ ಕುಳಿಯಲ್ಲಿ ಕಾಲು ಇಳಿಬಿಟ್ಟು ಕೂರುವುದು ನನ್ನ ಯಜಮಾನರಿಗೆ ಒಗ್ಗಲಿಲ್ಲ. ಗಾಡಿ ಹೊಡೆಯುವ ಆಸೆ. ಹೊಳೆನರಸೀಪುರದ ಆಚಾರಿಯೊಬ್ಬರಿಂದ ಗಾಡಿಯನ್ನು ಕಡಕ್ಕೆ ಮಾಡಿಸಿದರು, ಶಾಂತಿಗ್ರಾಮದ ಬೋರಪ್ಪನಲ್ಲಿ ಸಾಲ ತೆಗೆದು ಎತ್ತು ಕೊಂಡರು. ಎರಡಕ್ಕೂ ಭಾವನವರೇ ಜಾಮೀನು. ಅರಕಲಗೂಡಿನ ಹೊಗೆಸೊಪ್ಪನ್ನು ಹಾಸನಕ್ಕೆ ಸಾಗಿಸುತ್ತಾ ಎರಡು ವರ್ಷ ಚೆನ್ನಾಗಿಯೇ ನಡೆಯಿತು. ಆಮೇಲೆ ಒಂದು ಇಳಿಜಾರಿನಲ್ಲಿ ಗಾಡಿ ಮಗುಚಿತು. ಎತ್ತೂ ಹೋದವು, ಅವರೂ ಹೋದರು. ಮರುವರ್ಷ ವಿಷಮಜ್ವರದಲ್ಲಿ ಭಾವನವರು ತೀರಿಕೊಂಡರು. ಜಾಮೀನು ಬೀರಮ್ಮಕ್ಕನ ತಲೆಗೆ ಬಂತು.

ಸಾಲ ನನ್ನ ಗಂಡನದು. ತಿಥಿ ಮುಗಿದ ಮೇಲೆ ನಾನು ಸೀರೆ ಗಂಟು ಕಟ್ಟಿಕೊಂಡು, ತವರಿಗೆ ಹೋಗುತ್ತೇನೆ, ನನ್ನ ಹೊಟ್ಟೆಯ ಭಾರವಾದರೂ ನಿನಗೆ ತಪ್ಪಲಿ ಎಂದೆ.

"ಓಗ್ತೀಯಾ? ಓಗು. ನೂಲೋರು ಯಾರು?" ಎಂದಳು ಬೀರಮ್ಮಕ್ಕ. "ನಾನೇ ರಾಟೆ ತಿರುಗಿಸ್ಕಂಡು ನಾನೇ ಮಗ್ಗಕ್ಕೂ ಕೂರ್ಲಾ? ನಂಗೇನ್ ನಾಕು ಕೈ ಅವಾ, ಮಲ್ಲಿಗಿ?"

"ಮಗ್ಗಕ್ಕೆ ನೀನು ಕೂರ್ತೀಯಾ ಅಕ್ಕ?"

"ಇನ್ಯಾರು, ಪಕ್ಕದ ಮನೆ ಟಗರು ಬಂದು ಕೂರ್ತದಾ?"

ನಾನು ಗಂಟು ಬಿಚ್ಚಿದೆ. ಸಾಲ ಯಾರದು ಎಂಬ ಮಾತನ್ನು ಅವಳು ಅಂದೂ ಎತ್ತಲಿಲ್ಲ, ಬದುಕಿರುವ ತನಕವೂ ಎತ್ತಲಿಲ್ಲ.

ಮೊದಲ ಕಂಬಳಿ ಒಂದು ಕಡೆ ಅಗಲ, ಒಂದು ಕಡೆ ಕಿರಿದು ಬಂತು. ಬಾವಿಕಟ್ಟೆಯ ಹೆಂಗಸರು "ಬೀರಮ್ಮ ಕಂಬಳಿ ನೇದವ್ಳೋ ಮೊರ ಎಣೆದವ್ಳೋ" ಎಂದು ನಕ್ಕರು. ಅವಳೂ ನಕ್ಕಳು. ಆರನೆಯದಕ್ಕೆ ಅಂಚು ನೆಟ್ಟಗಾಯಿತು.

ಕಂಬಳಿ ಇಳಿದರೂ ಸಾಲ ಇಳಿಯಲಿಲ್ಲ. ಮಗ್ಗದಿಂದ ಬಿಚ್ಚಿದ ದಿನವೇ ಬೋರಪ್ಪನ ಆಳು ಬಂದು ಬಡ್ಡಿಗೆಂದು ಹೊತ್ತುಕೊಂಡು ಹೋಗುತ್ತಿದ್ದ. ಆಚಾರಿಯವರು ಎರಡು ತಿಂಗಳಿಗೊಮ್ಮೆ ಬಂದು ಜಗಲಿಯ ಮೇಲೆ ಮಾತಿಲ್ಲದೆ ಕೂತು ಹೋಗುತ್ತಿದ್ದರು. ತುಪ್ಪಟ, ಅಂದರೆ ಕುರಿಯ ಉಣ್ಣೆ, ಬರುತ್ತಿದ್ದದ್ದು ಮೊಸಳೆ ಎಂಬ ಊರಿನ ಕುರಿಗಾರ್ತಿ ದೊಡ್ಡಮ್ಮನ ಹಟ್ಟಿಯಿಂದ, ಅದೂ ಕಡವೇ. ನಾವಿಬ್ಬರು ಹೊದೆಯುತ್ತಿದ್ದದ್ದು ಗೋಣಿತಾಟು.

ಒಂದೇ ಒಂದು ಸಲ ಆಳಿನ ಕಣ್ಣು ತಪ್ಪಿಸಿ ಒಂದು ಕಂಬಳಿಯನ್ನು ಚನ್ನರಾಯಪಟ್ಟಣಕ್ಕೆ ಒಯ್ದೆವು. ಅಲ್ಲಿ ಬಟ್ಟೆ ಅಂಗಡಿಯ ನೇಮಿರಾಜಯ್ಯನವರು ಅದಕ್ಕೆ ಮೂರು ರೂಪಾಯಿ ಕೊಟ್ಟರು. ಬೀರಮ್ಮಕ್ಕ ಹಣ ನೋಡಿ ಬೆಪ್ಪಾಗಿ ನಿಂತಳು.

"ಯಾಕಮ್ಮ, ಕಡಿಮೆ ಆಯ್ತಾ?"

"ಇಲ್ಲ ಸ್ವಾಮಿ. ಬೋರಪ್ಪಣ್ಣ ಒಂದೂವರೆ ಅಂತ ಬಡ್ಡಿಗೆ ಮುರ್ಕೋತಾನೆ."

ಅವರು ಎಲ್ಲವನ್ನೂ ಕೇಳಿ ತಿಳಿದುಕೊಂಡರು. ಜೈನರಾದ್ದರಿಂದ ಹೊತ್ತು ಮುಳುಗುವ ಮುಂಚೆ ಊಟ ಆಗಬೇಕು. ಒಳಗಿನಿಂದ ಕರೆ ಬರುತ್ತಿತ್ತು, ಅವರು ಏಳಲಿಲ್ಲ. ಕೊನೆಗೆ ಹೇಳಿದರು: "ಸಾಲ ಕೊಟ್ಟ ಮೂವರನ್ನೂ ಒಟ್ಟಿಗೆ ಕೂರಿಸಿ, ಯಾರಿಗೆ ಎಷ್ಟು ಅಂತ ಒಂದೇ ಸಲ ಗಟ್ಟಿ ಮಾಡೋಣ. ಅಲ್ಲಿಂದ ಮುಂದೆ ಬಡ್ಡಿ ಓಡಬಾರದು. ನೀವು ನೇದದ್ದೆಲ್ಲ ನನ್ನ ಅಂಗಡಿಗೆ ಬರಲಿ. ಮೂರು ರೂಪಾಯಿಯಲ್ಲಿ ಒಂದು ತುಪ್ಪಟಕ್ಕೆ, ಒಂದು ನಿಮ್ಮ ಹೊಟ್ಟೆಗೆ, ಒಂದು ಸಾಲಕ್ಕೆ. ಸಾಲದ ರೂಪಾಯಿಯನ್ನು ಪಾಲು ಮಾಡಿ ಅವರಿಗೆ ತಲುಪಿಸೋದು ನನ್ನ ಕೆಲಸ. ಆದರೆ ಹೊಸ ಕಡ ಒಂದು ಕಾಸೂ ಮಾಡಬಾರದು. ಎರಡು ತಿಂಗಳು ಸರಕು ಬರದಿದ್ದರೆ ಒಪ್ಪಂದ ಮುರೀತು. ಆಗ ಮನೆ, ಮಗ್ಗ ಬೋರಪ್ಪನ ಪಾಲು. ಅಷ್ಟಿಲ್ಲದೆ ಅವನು ಬಡ್ಡಿ ಬಿಡೋದಿಲ್ಲ. ಯೋಚನೆ ಮಾಡಿ ಹೇಳಿ."

ಮನೆಗೆ ಬಂದು ಕಾಲು ತೊಳೆದು, "ಆಗಾಕಿಲ್ಲ ಕಣೆ" ಎಂದಳು ಬೀರಮ್ಮಕ್ಕ.

"ಯಾಕಕ್ಕ?"

"ಸತ್ತೋರ ಸಾಲವ ಊರ ಮುಂದೆ ಬಿಚ್ಚಿ ಅರಡೋದಾ? ಅವರ ಮಾನ ಏನಾಯ್ತದೆ? ಅದು ಓಗ್ಲಿ. ಕಡ ಮಾಡ್ಬ್ಯಾಡಿ ಅಂದ್ರೆ ತುಪ್ಪಟ ಎಲ್ಲಿಂದ ತರಾನ? ಮೊದಲ್ನೇ ಕಂಬಳಿ ಮಾರೋಗಂಟ ನಿನ್ನ ಕೂದಲು ನೂಲ್ತೀಯಾ?"

"ನನ್ನ ಕೂದಲಲ್ಲಿ ಕೈಚೀಲ ಆಯ್ತದೆ ಅಷ್ಟೆ."

ನಗು ಬಂದರೂ ಅವಳು ನಗಲಿಲ್ಲ. "ಈಗ ಬಡ್ಡಿ ತಿಂತಾವ್ನೆ, ಮನೆ ಐತೆ. ಇದಕ್ಕೆ ಊಂ ಅಂದು ಒಂದು ಸಲ ತಪ್ಪಿದ್ರೆ ಮನೇನೂ ಇಲ್ಲ" ಎಂದಳು. ಅವಳ ಮಾತಿನಲ್ಲಿ ಹುರುಳಿತ್ತು. ನಾನು ರಾಟೆಗೆ ಕೂತೆ.

ಒಂದೂವರೆ ತಿಂಗಳು ಹೀಗೇ ಕಳೆಯಿತು. ದಸರೆಯ ಹಿಂದುಮುಂದು ಬೋರಪ್ಪನೇ ಬಂದ. ಮಗ್ಗದ ಮೇಲೆ ಕಂಬಳಿ ಅರ್ಧ ಆಗಿತ್ತು.

"ನಾಳೆ ಆಸನದ ಪ್ಯಾಟೇಲಿ ಗಿರಾಕಿ ಅವ್ನೆ ಬೀರಮ್ಮ. ಆಗಿರೋಷ್ಟ ಕೊಯ್ದು ಕೊಟ್ಬುಡು."

"ಮಗ್ಗದ ಮ್ಯಾಲಿರೋದ ಕೊಯ್ಯೋದಾ ಬೋರಪ್ಪಣ್ಣ?"

"ಏನೀಗ? ಎಂಗೂ ಎಂಗಸು ನೇದ ಕಂಬಳಿ. ಉದ್ದ ಇದ್ರೇನು, ತುಂಡ ಇದ್ರೇನು?"

ಬಸುರಿಯ ಹೊಟ್ಟೆಗೆ ಕತ್ತಿ ಇಟ್ಟ ಹಾಗೆ ಅದು. ನೇಯುವವರು ಯಾರೂ ಮಾಡುವುದಿಲ್ಲ. ಬೀರಮ್ಮಕ್ಕ ಕುಳಿಯಿಂದ ಮೇಲೇಳಲೇ ಇಲ್ಲ. ಲಾಳಿಯನ್ನು ತೊಡೆಯ ಮೇಲೆ ಇಟ್ಟುಕೊಂಡು, "ಇದು ಮುಗಿಯೋಗಂಟ ಇಲ್ಲೇ ಕೂತಿರ್ತೀನಿ. ಕೊಯ್ಯೋದಾದ್ರೆ ನನ್ನೂ ಸೇರ್ಸಿ ಕೊಯ್ಯಿ" ಎಂದಳು. ಅವನು ಗೊಣಗಿಕೊಂಡು ಹೋದ.

ಅವನು ಓಣಿ ದಾಟಿದ ಮೇಲೆ ನನ್ನ ಕಡೆ ತಿರುಗಿದಳು. "ಗುಟ್ಟು ಮಡಗಿ ಕಾಯೋಕೆ ಇನ್ಯಾವ ಮಾನ ಉಳಿದೈತೆ, ಮಲ್ಲಿಗಿ? ಪಟ್ಟಣಕ್ಕೆ ಓಗಿ ಆ ಸ್ವಾಮಿಯೋರಿಗೆ ಏಳು, ಎಲ್ಲಾರ್ನೂ ಕರೀಲಿ. ಆದ್ರೆ ಮಾತು ಗದ್ದಿಗೆ ಮುಂದೆ ಆಗ್ಬೇಕು."

ಗದ್ದಿಗೆ ಎಂದರೆ ಕರಿಕಂಬಳಿ ಹಾಸಿ, ಅದರ ಮೇಲೆ ಅಕ್ಕಿ ಚೆಲ್ಲಿ, ಎಲೆ ಅಡಿಕೆ ಇಟ್ಟು, ಬೀರೇದೇವರ ಹೆಸರು ಹೇಳುವುದು. ಮದುವೆಗೂ ಅದೇ, ನ್ಯಾಯಕ್ಕೂ ಅದೇ. ಅದರ ಮುಂದೆ ಸುಳ್ಳಾಡಬಾರದು. ಬೋರಪ್ಪನೂ ಆ ದೇವರ ಒಕ್ಕಲೇ.

೧೯೩೮ರಲ್ಲಿ ದೀಪಾವಳಿ ಕಳೆದ ಮೊದಲ ಸೋಮವಾರ ಬೆಳಗ್ಗೆ ಎಲ್ಲರೂ ನಮ್ಮ ಜಗಲಿಗೆ ಬಂದರು. ನಾನು ಅಕ್ಕಿ ತಂದೆ, ಎಲೆ ತಂದೆ. ಆಮೇಲೆ ಕೈ ಹಾಗೇ ನಿಂತಿತು. ಗದ್ದಿಗೆ ಎಂದವಳಿಗೂ ಅದು ತೋಚಿರಲಿಲ್ಲ, ನನಗೂ ತೋಚಿರಲಿಲ್ಲ. ಹಾಸುವುದಕ್ಕೆ ಮನೆಯಲ್ಲಿ ಕಂಬಳಿಯೇ ಇರಲಿಲ್ಲ!

ಬೋರಪ್ಪ ಗಹಗಹಿಸಿ ನಕ್ಕ. "ಕಂಬಳಿ ನೇಯೋರ ಮನೇಲಿ ಕಂಬಳಿ ಇಲ್ವಂತೆ! ತಕ್ಕೊಳ್ರವ್ವ, ನಂದೇ ಆಸಿ" ಎಂದು ಹೆಗಲಿನ ಕಂಬಳಿಯನ್ನು ತೆಗೆದು ಬೀಸಿ ಹಾಸಿದ. ನಾನು ಅಕ್ಕಿ ಚೆಲ್ಲಿದೆ.

ದೊಡ್ಡಮ್ಮ ಬಗ್ಗಿ ಅಂಚು ಮುಟ್ಟಿ ನೋಡಿದಳು. ಹಲ್ಲಿಲ್ಲದ ಮುದುಕಿ, ಬಾಯಿ ಮಾತ್ರ ಗಟ್ಟಿ. "ಲೇ ಬೋರ, ಇದು ನನ್ನ ಕುರಿ ತುಪ್ಪಟ ಕಣ್ಲಾ. ನಿಂಗೆಲ್ಲಿ ಸಿಕ್ತು?"

"ಬೀರಮ್ಮ ಬಡ್ಡಿಗೆ ಕೊಟ್ಟಿದ್ದು."

"ಎಷ್ಟಕ್ಕೆ ಮುರ್ಕೊಂಡೆ?"

ಬೋರಪ್ಪ ಬಾಯಿ ತೆರೆದ. ಕಣ್ಣು ಅಕ್ಕಿಯ ಮೇಲೆ ಬಿತ್ತು. ಬಾಯಿ ಮುಚ್ಚಿದ. "ಒಂದೂವರೆ" ಎಂದ ಮೆಲ್ಲಗೆ.

"ಮಾರೋದು?"

"ಮೂರು."

"ಅಂಗಾದ್ರೆ ಇನ್ನರ್ಧ ಎಲ್ಲೋಯ್ತು? ಕುರಿ ಮೇಯ್ತಾ?"

ಜಗಲಿಯ ಕೆಳಗೆ ನಿಂತಿದ್ದವರು ಕಿಸಕ್ಕನೆ ನಕ್ಕರು. ಬೋರಪ್ಪ ಕೆಟ್ಟವನಲ್ಲ. ಲೆಕ್ಕವನ್ನು ತನಗೆ ಬೇಕಾದ ಕಡೆಗೆ ವಾಲಿಸುತ್ತಿದ್ದ, ಅಷ್ಟೆ. ಗದ್ದಿಗೆಯ ಮುಂದೆ ವಾಲಿಸಲು ಧೈರ್ಯ ಬರಲಿಲ್ಲ. ಕೊಂಡೊಯ್ದ ಕಂಬಳಿಗಳನ್ನೆಲ್ಲ ಮೂರರಂತೆ ಹಿಡಿದಾಗ, ನೂರೈವತ್ತು ಎನ್ನುತ್ತಿದ್ದ ಸಾಲ ತೊಂಬತ್ತಾರಕ್ಕೆ ಇಳಿಯಿತು. ಆಚಾರಿಯವರು ನಲವತ್ತು ಎಂದರು, ಬಡ್ಡಿ ಕೇಳಲೇ ಇಲ್ಲ. ದೊಡ್ಡಮ್ಮನದು ಇಪ್ಪತ್ತೆರಡು.

"ಇನ್ನು ತುಪ್ಪಟದ ದಾರಿ?" ಎಂದರು ನೇಮಿರಾಜಯ್ಯನವರು. "ಕಡ ಮಾತ್ರ ಕೂಡದು."

"ಯಾರು ಕಡ ಅಂದೋರು?" ಎಂದಳು ದೊಡ್ಡಮ್ಮ. "ಕಂಬಳಿ ಮಾರೋಗಂಟ ತುಪ್ಪಟ ನಂದೇ. ನನ್ನಟ್ಟೀಲಿ ಜಾಗ ಇಲ್ಲ, ಇವಳ ಮಗ್ಗದ ಮ್ಯಾಲೆ ಮಡಗಿರ್ತೀನಿ."

ಆಗ ಬೀರಮ್ಮಕ್ಕ ಕಂಬಳಿ ಮುಟ್ಟಿ ಕೈ ಮುಗಿದಳು. "ಒಪ್ಕಂಡೆ" ಎಂದಳು.

ಏಳುವಾಗ ಬೋರಪ್ಪ ಅಭ್ಯಾಸಬಲದಿಂದ ಕಂಬಳಿಗೆ ಕೈ ಹಾಕಿದ. ದೊಡ್ಡಮ್ಮ ಕೋಲಿನಿಂದ ನೆಲ ಕುಟ್ಟಿದಳು. "ಗದ್ದಿಗೆಗೆ ಆಸಿದ್ದು ಇನ್ನೊಂದ್ಸಲ ಎಗಲಿಗೆ ಏರ್ತದೇನ್ಲಾ? ಆಸಿದ ಮನೇಲೇ ಇರ್ಬೇಕು." ಅವನು ಬರಿ ಹೆಗಲಲ್ಲಿ ಶಾಂತಿಗ್ರಾಮಕ್ಕೆ ನಡೆದ.

ನಡುವೆ ಒಮ್ಮೆ ಎಲ್ಲವೂ ಮುರಿಯುವ ಹಾಗಾಗಿತ್ತು. ಎರಡನೆಯ ವರ್ಷ ಆಷಾಢದ ಮಳೆ ಹಿಡಿದುಕೊಂಡಿತು. ಕಂಬಳಿಯ ಹಾಸುನೂಲಿಗೆ ಹುಣಸೆಬೀಜದ ಗಂಜಿ ಬಳಿದು ಉದ್ದಕ್ಕೆ ಎಳೆದು ಬಿಸಿಲಿಗೆ ಒಣಗಿಸಬೇಕು. ಬಿಸಿಲೇ ಇಲ್ಲ. ನಮ್ಮ ಮನೆಯೊಳಗೆ ಅಷ್ಟು ಉದ್ದ ಜಾಗವೂ ಇಲ್ಲ. ಗಂಜಿ ಹುಳಿ ಬಂತು, ನೂಲು ಮುಗ್ಗಿತು. ಒಪ್ಪಂದದ ಎರಡು ತಿಂಗಳ ಗಡುವಿಗೆ ಹದಿನೈದು ದಿನ ಉಳಿದಿತ್ತು. ಮಳೆಗೆ ಎಲೆಯ ಗೊರಗ ಹೊದ್ದುಕೊಂಡು ಬೋರಪ್ಪ ಬಂದ. ಮನೆ ನೋಡಿಕೊಂಡು ಹೋಗಲು ಬಂದನೆಂದೇ ತಿಳಿದೆ.

"ನಮ್ಮ ಪಡಸಾಲೆ ಉದ್ದಕ್ಕೈತೆ" ಎಂದ, ಬಾಗಿಲಲ್ಲೇ ನಿಂತು. "ಅಲ್ಲಿ ಎಳ್ಕೊಳ್ಳಿ. ಕೆಳಗೆ ಕೆಂಡ ಇಡ್ಸಿಕೊಡ್ತೀನಿ."

ಬೀರಮ್ಮಕ್ಕ ಅವನ ಮುಖ ನೋಡಿದಳು. "ತಪ್ಪಿದ್ರೆ ಮನೆ ನಿಂಗೆ ಬತ್ತಿತ್ತಲ್ಲ ಬೋರಪ್ಪಣ್ಣ."

"ಗದ್ದಿಗೆ ಮುಂದೆ ಕೂತಿದ್ದೋನು ಕಣವ್ವ. ಮಳೆ ಕೊಟ್ಟ ಮನೇಲಿ ನಾನು ನೆಮ್ಮದಿಯಾಗಿ ಮಲಗಕ್ಕಾಯ್ತದಾ? ಬಾ, ಬಾ, ನೂಲು ಎತ್ಕೊ."

ಅವನ ಹೆಂಡತಿ ನಮಗೆ ಬಿಸಿ ಮುದ್ದೆ ಹಾಕಿದಳು. ಅವಧಿಗೆ ನಾಲ್ಕು ದಿನ ಮೊದಲೇ ಕಂಬಳಿ ಪಟ್ಟಣಕ್ಕೆ ಸೇರಿತು.

ಆಮೇಲೆ ಯುದ್ಧದ ಕಾಲ. ಎಲ್ಲದಕ್ಕೂ ಬೆಲೆ ಏರಿದಂತೆ ಕಂಬಳಿಗೂ ಏರಿತು. ನೇಮಿರಾಜಯ್ಯನವರು ಏರಿದ್ದನ್ನು ತಾವು ಇಟ್ಟುಕೊಳ್ಳದೆ ಸಾಲಕ್ಕೇ ಸೇರಿಸಿದರು. ೧೯೪೨ರ ಯುಗಾದಿಗೆ ಮೂರೂ ಸಾಲ ತೀರಿತು. ಅದೇ ಕಂಬಳಿಯನ್ನು ಅದೇ ಜಗಲಿಯ ಮೇಲೆ ಇನ್ನೊಮ್ಮೆ ಹಾಸಿ, ಮೂವರೂ "ಮುಟ್ಟಿತು" ಎಂದರು. ದೊಡ್ಡಮ್ಮ ಮೂರು ಸಲ ಅಂದಳು, ಬೋರಪ್ಪನಿಗೆ ಕೇಳಲೆಂದು.

ಯಾರ ಪಾಲೂ ಇಲ್ಲದ ಮೊದಲ ಕಂಬಳಿ ಆ ವೈಶಾಖದಲ್ಲಿ ಮಗ್ಗದಿಂದ ಇಳಿಯಿತು. ಬೀರಮ್ಮಕ್ಕ ಅದನ್ನು ಕೊಡವಿ, ಮಡಿಸಿ, ಮಾರಲು ಕಟ್ಟುತ್ತಾಳೆ ಎಂದುಕೊಂಡೆ. ತಂದು ನನ್ನ ಹೆಗಲಿಗೆ ಹಾಕಿದಳು.

"ಬಿಸ್ಲುಗಾಲ ಅಲ್ವಾ ಅಕ್ಕ?"

"ಮಳೆ ಬರ್ದೇ ಇರ್ತದಾ? ಮಡಿಕೊ. ಆ ಗೋಣಿತಾಟ ಎಮ್ಮೆಗೆ ಆಕು."

"ನಿಂಗೆ?"

"ಮುಂದಿನ್ದು ನಂಗೆ. ನೀ ಬಿರ್ರನೆ ನೂತ್ರೆ" ಎಂದು ಕುಳಿಗೆ ಇಳಿದಳು. ನಾನು ಕಂಬಳಿ ಹೊದ್ದುಕೊಂಡೇ ರಾಟೆಯ ಮುಂದೆ ಕೂತೆ.