ಬಿಸಿ ಅನ್ನದ ಡಬ್ಬಿ

ನಾನು ಧಾರವಾಡದ ಕಾಲೇಜೊಂದರಲ್ಲಿ ಸೂಕ್ಷ್ಮಜೀವಿಶಾಸ್ತ್ರ ಕಲಿಸುತ್ತೇನೆ. ಬ್ಯಾಕ್ಟೀರಿಯಾ ಬೆಳೆಯಲು ಏನೇನು ಬೇಕೆಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಬಲ್ಲೆ: ಉಣ್ಣಲು ಏನಾದರೂ, ತೇವ, ಹಿತವಾದ ಬಿಸಿ, ಒಂದಿಷ್ಟು ಹೊತ್ತು. ಈ ನಾಲ್ಕನ್ನೂ ನಾನೇ ಕೈಯಾರೆ ಒದಗಿಸಿಕೊಟ್ಟ ಸಂಗತಿಯನ್ನು ಮಾತ್ರ ಇದುವರೆಗೆ ಯಾವ ಕ್ಲಾಸಿನಲ್ಲೂ ಹೇಳಿಲ್ಲ.

ತಂಗಿಗೆ ಏಳನೇ ತಿಂಗಳು, ಹುಬ್ಬಳ್ಳಿಯ ಅತ್ತೆಮನೆಯಲ್ಲಿ ಕುಬಸ, ಅಂದರೆ ಸೀಮಂತ. ತವರಿನವರು ಬುತ್ತಿ ಒಯ್ದು ಬಸುರಿಗೆ ಉಣಿಸಬೇಕು. ನಮ್ಮಲ್ಲಿ ಬುತ್ತಿಯೆಂದರೆ ಶಿರಗುಪ್ಪಿಯ ದೊಡ್ಡವ್ವನದೇ. ಅವ್ವನ ಅಕ್ಕ ಅವಳು. ನಂಟರಲ್ಲಿ ಯಾರ ಕುಬಸವಿದ್ದರೂ ಮೊಸರನ್ನ ಕಲಸುವ ಕೈ ಅವಳದು. ಅದರ ಬಗ್ಗೆ ಅವಳಿಗೆ ಸಣ್ಣದೊಂದು ಜಂಬವೂ ಇತ್ತು.

ಬೇಸಿಗೆಯ ಬೆಳಗು. ನಾನು ಕಾರು ತೆಗೆದುಕೊಂಡು ಹೋದಾಗ ದೊಡ್ಡವ್ವ ಆಗಷ್ಟೇ ಅನ್ನ ಬಸಿದು, ತೊಳೆದ ಧೋತರದ ಮೇಲೆ ಹರವಿದ್ದಳು.

"ಪೂರಾ ಆರಲಿ. ಬಿಸೀದು ಮುಚ್ಚಿದ್ರ ಬೆವರತೈತಿ," ಎಂದು ಸೀರೆ ಉಡಲು ಒಳಗೆ ಹೋದಳು.

ನನಗೋ ಆ ಧೋತರ ನೋಡಿಯೇ ಮೈ ಉರಿಯಿತು. ನೊಣ, ಧೂಳು, ಪಕ್ಕದಲ್ಲೇ ದನ. ಹುಬ್ಬಳ್ಳಿ ಪೇಟೆಯ ದುರ್ಗದಬೈಲಿನಲ್ಲಿ ತಂಗಿಗೆ ಖಣ, ಹಸಿರು ಬಳೆ ಕೊಳ್ಳುವುದು ಬೇರೆ ಬಾಕಿ ಇತ್ತು. ಬಿಗಿ ಮುಚ್ಚಳದ ದೊಡ್ಡ ಡಬ್ಬಿ ತಂದಿದ್ದೆ. ಹಬೆಯಾಡುವ ಅನ್ನವನ್ನೆಲ್ಲ ಅದಕ್ಕೆ ತುಂಬಿ ಒತ್ತಿ ಮುಚ್ಚಿದೆ. ಓದಿದವಳ ಸ್ವಚ್ಛತೆ ನೋಡಿ!

"ಆರೈತೇನವ್ವ?" ಹೊರಬಂದ ದೊಡ್ಡವ್ವ ಕೇಳಿದಳು.

"ಆರೈತಿ, ನಡಿ," ಎಂದೆ.

ಖಣದ ಬಣ್ಣ ಮನಸ್ಸಿಗೆ ಬರಲಿಲ್ಲವೆಂದು ಅಂಗಡಿಯಿಂದ ಅಂಗಡಿಗೆ ಅಲೆದೆ. ಅಷ್ಟೂ ಹೊತ್ತು ಡಬ್ಬಿ ಕಾರಿನ ಡಿಕ್ಕಿಯಲ್ಲಿ ಬಿಸಿಲಿಗೆ ಕಾಯುತ್ತಿತ್ತು. ಮಧ್ಯಾಹ್ನ ಬೀಗರ ಮನೆಯಲ್ಲಿ ದೊಡ್ಡವ್ವ ಎಲ್ಲರೆದುರು ಮೊಸರು ಸುರಿದು ಕೈಯಿಂದ ಕಲಸತೊಡಗಿದಳು.

"ಅನ್ನ ಬೆಚ್ಚಗ ಐತೆಲ್ಲ?"

"ಬಿಸಿಲಿಗೆ ಹಂಗಾಗಿರಬೇಕು," ಎಂದೆ. ವಾಸನೆ ಇರಲಿಲ್ಲ, ರುಚಿಯೂ ಕೆಟ್ಟಿರಲಿಲ್ಲ. ಉಳಿದವರು ಶಾಸ್ತ್ರಕ್ಕೆ ಒಂದೊಂದು ತುತ್ತು ಉಂಡರೆ, ತಂಗಿ ಇನ್ನೆರಡು ತುತ್ತು ಕೇಳಿ ಉಂಡಳು.

ಸಂಜೆ ಅವಳಿಗೆ ವಾಂತಿ ಶುರುವಾಯಿತು. ನಿಲ್ಲಲೇ ಇಲ್ಲ. ಆಸ್ಪತ್ರೆ, ಸಲೈನು. ಹೊಟ್ಟೆಯೊಳಗಿನ ಮಗುವಿನ ಎದೆಬಡಿತ ಕೇಳಿ ಡಾಕ್ಟರು ತಲೆಯಾಡಿಸುವವರೆಗೆ ಯಾರಿಗೂ ಜೀವದಲ್ಲಿ ಜೀವ ಇರಲಿಲ್ಲ. ಇಬ್ಬರೂ ಆರಾಮಾದರು. ಆಮೇಲೆ, ಎಲ್ಲರೂ ವಾರ್ಡಿನ ಹೊರಗೆ ಕೂತಿದ್ದಾಗ, ತಂಗಿಯ ಅತ್ತೆ ನನ್ನನ್ನು ಕೇಳಿದರು: "ಅಕ್ಕಾರ, ನೀವು ಇದನ್ನಽ ಓದಿದಾವ್ರು. ಯಾತರಿಂದ ಆತ್ರಿ ಇದು?"

"ಬ್ಯಾಕ್ಟೀರಿಯಾ ಕೈಯಿಂದನೂ ಬರ್ತಾವ್ರಿ," ಎಂದೆ.

ಸುಳ್ಳೇನಲ್ಲ. ಪಾಠದಲ್ಲಿರುವ ಮಾತೇ. ಎಲ್ಲರೂ ದೊಡ್ಡವ್ವನ ಕೈ ನೋಡಿದರು. ಅವಳು ಮೆಲ್ಲಗೆ ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು. ನಾನು ಡಬ್ಬಿಯ ಮಾತೆತ್ತಲಿಲ್ಲ. ಅದನ್ನು ನೆನೆದರೆ ಇವತ್ತಿಗೂ ನಾಚಿಕೆಯಿಂದ ನನ್ನ ಕಿವಿ ಬಿಸಿಯಾಗುತ್ತದೆ.

ಹದಿನೈದು ದಿನಕ್ಕೆ ದೊಡ್ಡವ್ವ ಬಸ್ಸು ಹಿಡಿದು ನಮ್ಮ ಕಾಲೇಜಿಗೇ ಬಂದಳು.

"ನಿಮ್ಮಲ್ಲೆ ಕೈಯಾಗಿನ ಹೊಲಸು ಕಾಣತೈತಂತಲ್ಲ. ನಂದು ನೋಡವ್ವ. ಖರೇ ಹೇಳು."

ಗಾಜಿನ ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಬೆಳೆಸುವ ಅಗರ್ ಮೇಲೆ ಅವಳ ಐದೂ ಬೆರಳು ಒತ್ತಿಸಿಕೊಂಡೆ. ಎರಡು ದಿನ ಬಿಟ್ಟು ಮತ್ತೆ ಬಂದಳು. ತಟ್ಟೆಯಲ್ಲಿ ಯಾರ ಕೈಯಲ್ಲಾದರೂ ಇರುವಂಥ ನಾಲ್ಕಾರು ಚುಕ್ಕೆಗಳಿದ್ದವು, ಅಷ್ಟೇ.

"ನಿನ್ನ ಕೈಯಾಗ ಏನೂ ದೋಷ ಇಲ್ಲ."

"ಹಂಗಾರ ಯಾತರಿಂದ ಆತು?"

ಲ್ಯಾಬಿನಲ್ಲಿ ನಾವಿಬ್ಬರೇ ಇದ್ದೆವು. ಹೇಳಲು ಅದಕ್ಕಿಂತ ಸುಲಭದ ಜಾಗ ಸಿಗುತ್ತಿರಲಿಲ್ಲ.

"ಹವಾ, ದೊಡ್ಡವ್ವ. ಬಿಸಿಲು ಭಾಳ ಇತ್ತು."

"ಹಂಗಾರ ಯಾರದೂ ತಪ್ಪಿಲ್ಲ ಬಿಡು. ಮಂದಿಗಿ ಒಂದ್ ಮಾತು ಹೇಳವ್ವ," ಎಂದು ನನ್ನ ಕೆನ್ನೆ ಸವರಿ ನೆಟಿಗೆ ಮುರಿದಳು. ಹೇಳುತ್ತೇನೆಂದೆ. ಹೇಳಲಿಲ್ಲ. ಹೇಳಿದ್ದರೆ ಮುಂದಿನ ಪ್ರಶ್ನೆ ನನ್ನ ಕಡೆಗೇ ಬರುತ್ತಿತ್ತು. ನಾನು ಅಷ್ಟು ಹೇಡಿ ಎಂದು ನನಗೇ ಗೊತ್ತಿರಲಿಲ್ಲ.

ಆಮೇಲಿನ ಎರಡು ಕುಬಸಗಳಿಗೆ ದೊಡ್ಡವ್ವನನ್ನು ಕರೆದರು, ಆದರೆ ಬುತ್ತಿ ಕಟ್ಟಲು ಕರೆಯಲಿಲ್ಲ. ಈ ವರ್ಷ ಸೋದರಮಾವನ ಮಗಳ ಕುಬಸದಲ್ಲಿ ನಾನೇ ಹಟ ಹಿಡಿದು, "ದೊಡ್ಡವ್ವನಽ ಕಲಸಲಿ," ಎಂದೆ. ಅಷ್ಟರಿಂದ ಎಲ್ಲ ಸರಿಹೋಗುತ್ತದೆ ಎಂಬ ಲೆಕ್ಕ ನನ್ನದು.

ಅವಳು ಹೋಗಿ ಕೈ ತೊಳೆದು ಬಂದಳು. ಮತ್ತೆ ಎದ್ದು ಹೋಗಿ ಸಾಬೂನು ಹಚ್ಚಿ ಇನ್ನೊಮ್ಮೆ ತೊಳೆದಳು. ಪರಾತದ ಮುಂದೆ ಕೂತು, ಸುತ್ತ ನಿಂತವರನ್ನೊಮ್ಮೆ ನೋಡಿ, ಆರಿದ ಅನ್ನವನ್ನು ನನ್ನತ್ತ ಸರಿಸಿದಳು.

"ನೀನಽ ಕಲಸವ್ವ. ನಿನ್ನ ಕೈ ಸ್ವಚ್ಛ ಇರ್ತಾವ."

ಎಲ್ಲರೂ ಹೌದೌದು ಎಂದರು. ನಾನು ಬಳೆ ಹಿಂದಕ್ಕೆ ಸರಿಸಿಕೊಂಡು ಕಲಸಿದೆ.