ಭಾರ ಹೊರದ ಗೋಡೆ

ನಾನು ಸುಳ್ಳು ಹೇಳಿದ್ದೆ. ಪಿರಿಯಾಪಟ್ಟಣದ ನನ್ನ ತವರುಮನೆಯ ಬೀದಿಕಡೆ ಗೋಡೆ ಯಾವ ಭಾರವನ್ನೂ ಹೊತ್ತಿರಲಿಲ್ಲ. ಹೊತ್ತಿದೆ ಎಂದವಳು ನಾನು — ಅದನ್ನು ನಂಬಿ ಇಷ್ಟು ವರ್ಷ ಹಿತ್ತಿಲಲ್ಲಿ ಕೂತು ಬಟ್ಟೆ ಹೊಲಿದವರು ನನ್ನ ಅತ್ತಿಗೆ.

ನಾನು ಸಿವಿಲ್ ಡಿಪ್ಲೊಮಾ ಓದಿದವಳು. ಈಗ ಹುಣಸೂರಿನಲ್ಲಿ ಮನೆಗಳ ಪ್ಲಾನ್ ಬರೆದುಕೊಡುತ್ತೇನೆ. ಹಳೇ ಮನೆ ರಿಪೇರಿಗೆಂದು ಬಂದವರೆಲ್ಲ ಕೇಳುವುದು ಒಂದೇ: "ಮೇಡಂ, ಈ ಗೋಡೆ ಒಡೀಬೋದಾ?" ಲೋಡ್ ಬೇರಿಂಗ್ ಗೋಡೆ ಎಂದರೆ ಮೇಲಿನ ತಾರಸಿಯ ಭಾರವನ್ನು ತಾನೇ ಹೊತ್ತು ಪಾಯಕ್ಕೆ ಇಳಿಸುವ ಗೋಡೆ, ಯೋಚಿಸದೆ ಒಡೆದರೆ ಸೂರೇ ಕೂತುಬಿಡುತ್ತದೆ. ಪಿಲ್ಲರ್, ಬೀಮ್ ಹಾಕಿ ಕಟ್ಟಿದ ಮನೆಯಲ್ಲಿ ಆ ಕೆಲಸ ಅವುಗಳದ್ದು. ನಡುವಿನ ಇಟ್ಟಿಗೆ ಗೋಡೆ ಬರೀ ಮರೆಗೆ ನಿಂತಿರುತ್ತದೆ, ತನ್ನ ತೂಕ ತಾನು ನೋಡಿಕೊಂಡರೆ ಸಾಕು. ಇದನ್ನು ಜನರಿಗೆ ಎಷ್ಟು ಚೆನ್ನಾಗಿ ವಿವರಿಸುತ್ತೇನೆ ಅಂತೀರಿ! ಮುಗಿಸಿದ್ದೇ ಪ್ರತಿ ಸಲವೂ ಬೇಗ ಬೇರೆ ಮಾತಿಗೆ ಹೋಗುತ್ತೇನೆ. ಯಾಕೆಂದರೆ ನನ್ನ ತವರು ಪಿಲ್ಲರ್ ಮನೆ.

ಅತ್ತಿಗೆ ಎಚ್.ಡಿ. ಕೋಟೆ ಕಡೆಯವರು. ಮದುವೆಯಾಗಿ ಬರುವಾಗ ಹೊಲಿಗೆ ಮೆಷಿನ್ನನ್ನೂ ಜೊತೆಗೆ ತಂದರು. ಬೀದಿಕಡೆ ಗೋಡೆಗೆ ಒಂದು ಬಾಗಿಲು ಇಟ್ಟರೆ ಟೈಲರ್ ಅಂಗಡಿಯಾಗುತ್ತದೆ, ಬಸ್‌ಸ್ಟ್ಯಾಂಡಿಗೆ ಹೋಗುವವರ ಕಣ್ಣಿಗೂ ಬೀಳುತ್ತದೆ — ಅಷ್ಟೇ ಅವರ ಆಸೆ. ಆದರೆ ಆ ಗೋಡೆ ಇದ್ದದ್ದು ನನ್ನ ಕೋಣೆಗೆ. ಒಳಗಿನಿಂದ ಚಿಲಕ ಹಾಕಿಕೊಳ್ಳುವ ಸುಖ ನನಗೆ ಆಗಷ್ಟೇ ಗೊತ್ತಾಗಿತ್ತು. ಕೋಣೆ ಬಿಟ್ಟುಕೊಡಲ್ಲ ಎಂದು ನೇರವಾಗಿ ಹೇಳಬಹುದಿತ್ತು, ಒಂದು ಜಗಳವಾಗಿ ಮುಗಿಯುತ್ತಿತ್ತು. ಹೇಳಲಿಲ್ಲ. ಓದಿದ್ದನ್ನು ಮುಂದಿಟ್ಟೆ.

"ಅದು ಲೋಡ್ ಬೇರಿಂಗ್ ಗೋಡೆ ಅತ್ತಿಗೆ. ಮುಟ್ಟಂಗೇ ಇಲ್ಲ."

ಅಣ್ಣ ನನ್ನ ಮಾತನ್ನೇ ನಂಬಿದ. ಮನೆಗೆಲ್ಲ ಎಂಜಿನಿಯರ್ ನಾನೊಬ್ಬಳೇ. ಅತ್ತಿಗೆ ಗೋಡೆಯನ್ನು ಮೇಲಿಂದ ಕೆಳಗೆ ನೋಡಿದರು. "ಅಯ್ಯೋ, ಮನೆ ಭಾರ ಎಲ್ಲ ಇದ್ರ ಮ್ಯಾಲೇ ಅದಾ? ಬುಡವ್ವ ಅಂಗಾರೆ. ನಿಂತ್ಕಳ್ಳಿ, ಪಾಪ."

ಪಾಪ ಅಂದರು — ಗೋಡೆಗೆ!

ಅಲ್ಲಿಂದ ಆ ಗೋಡೆಗೆ ನಡೆದ ಉಪಚಾರ ಒಂದೆರಡಲ್ಲ. ಮಕ್ಕಳು ಅದಕ್ಕೆ ಚೆಂಡು ಹೊಡೆಯುವಂತಿಲ್ಲ. ಪಕ್ಕದ ಮನೆಯವರು ಮಾತಾಡುತ್ತ ಒರಗಿದರೆ, "ಲೋಡ್ ಬೇರಿಂಗು ಕಣಮ್ಮಿ, ಒರಗ್‌ಬ್ಯಾಡ" ಎಂದು ಎಬ್ಬಿಸುತ್ತಿದ್ದರು. ಕ್ಯಾಲೆಂಡರನ್ನು ಅನ್ನದ ಅಗುಳಲ್ಲಿ ಅಂಟಿಸಿದರೇ ಹೊರತು ಒಂದು ಮೊಳೆ ಹೊಡೆಯಲಿಲ್ಲ. ನಾವೆಲ್ಲ ನಗುತ್ತಿದ್ದೆವು, ನಾನೂ ನಗುತ್ತಿದ್ದೆ. ನಿಜವಾಗಿ ಭಾರ ಹೊತ್ತ ಗೋಡೆಗೂ ಒಂದು ಮೊಳೆಯಿಂದ ಏನೂ ಆಗುವುದಿಲ್ಲ — ಅದನ್ನಾದರೂ ಹೇಳಬಹುದಿತ್ತಲ್ಲ? ಮೊಳೆಯ ಮಾತು ಎತ್ತಿದರೆ ಬಾಗಿಲಿನ ಮಾತು ಬಂದೀತೆಂದು ಸುಮ್ಮನಿದ್ದೆ. ಮದುವೆಯಾಗಿ ನಾನು ಹುಣಸೂರಿಗೆ ಬಂದೆ, ಕೋಣೆ ಖಾಲಿ ಬಿತ್ತು. ಆಗಲೂ ಬಾಯಿ ಬಿಡಲಿಲ್ಲ. ನನ್ನ ಮರ್ಯಾದೆ ದೊಡ್ಡದಾಗಿತ್ತು.

ಅತ್ತಿಗೆ ಹಿತ್ತಿಲ ಶೀಟಿನ ಕೆಳಗೇ ಹೊಲಿದರು. ಗೊತ್ತಿದ್ದವರು ಕೊಟ್ಟಿಗೆ ಬಳಸಿಕೊಂಡು ಬರುತ್ತಿದ್ದರು, ಗೊತ್ತಿಲ್ಲದವರು ಬೇರೆ ಅಂಗಡಿಗೆ ಹೋದರು. ಆದರೂ ಅವರು ಗೊಣಗಿದ್ದು ನಾನು ಕೇಳಲಿಲ್ಲ. ನಗುನಗುತ್ತಲೇ ಮನೆ ತುಂಬಿಸಿದರು. ಅದು ಅವರ ಗುಣ. ಅದರಲ್ಲಿ ನನ್ನ ಪಾಲೇನೂ ಇಲ್ಲ.

ಈ ಸಲದ ಗೌರಿ ಹಬ್ಬಕ್ಕೆ ಹೋಗಿದ್ದೆ. ಅತ್ತಿಗೆ ಬಾಗಿನ ಕೊಟ್ಟರು. ಮೊರದಲ್ಲಿ ರವಿಕೆ ಬಟ್ಟೆಯಲ್ಲ, ಹೊಲಿದ ರವಿಕೆಯೇ ಇತ್ತು, ಯಾವಾಗಲೂ ಹಾಗೇ. ಸೆರಗೊಡ್ಡಿ ತೆಗೆದುಕೊಳ್ಳಲು ಹೋದೆ... ಆಗಲಿಲ್ಲ. ಮೊರದ ಮುಂದೆ ನಿಂತೇ ಎಲ್ಲ ಹೇಳಿಬಿಟ್ಟೆ.

ಬೈಯುತ್ತಾರೆ ಅಂದುಕೊಂಡೆ. ಬೈದರೆ ಚೆನ್ನಾಗಿರುತ್ತಿತ್ತು. ಅವರು ಕೋಣೆಗೆ ಹೋಗಿ ಗೋಡೆಯ ಮೇಲೆ ಅಂಗೈ ಇಟ್ಟು ನಿಂತರು.

"ಅಂಗಾರೆ ಮೊಳೆ ಹೊಡೀಬೋದಿತ್ತಾ?"

"ಹೊಡೀಬೋದಿತ್ತು ಅತ್ತಿಗೆ."

"ನಮ್ಮವ್ವನ ಫೋಟೋನ ಈ ಗೋಡೆಗೇ ಹಾಕ್ಬೇಕು ಅಂತಿದ್ದೆ ಕಣೇ. ಮೆಷಿನ್ ಮ್ಯಾಲೇ ಮಡಗಿದ್ನಲ್ಲೇ, ಇಷ್ಟು ವರ್ಸ."

ತೀರಿಕೊಂಡ ಅವರ ತಾಯಿಯ ಫೋಟೋ. ನಾನು ದಿನಾ ನೋಡಿದ್ದೆ. ಅದು ಯಾಕೆ ಅಲ್ಲಿದೆ ಎಂದು ಒಂದು ದಿನವೂ ಯೋಚಿಸಿರಲಿಲ್ಲ. ನನಗೆ ಅಳು ಬಂತು, ಅವರಿಗೂ ಬಂತು.

ಆಮೇಲೆ ಹಿತ್ತಿಲಿಗೆ ಹೋಗಿ ಫೋಟೋ ತಂದರು. ಸೆರಗಿನಲ್ಲಿ ಒರೆಸಿ, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣವನ್ನು ನನ್ನ ಕೈಗಿಟ್ಟರು.

"ಎಲ್ಲಿ ಹೊಡೀಲಿ, ನೀನೇ ತೋರ್ಸು. ಬಾಗ್ಲು ಬರೋ ಜಾಗ ಬುಟ್ಟು ತೋರ್ಸು."

ಕ್ಷಮಿಸಿದೆ ಎಂದು ಅವರು ಹೇಳಲಿಲ್ಲ, ನಾನು ಕೇಳಲೂ ಇಲ್ಲ. ನನ್ನ ಮಂಚ ಇದ್ದ ಕಡೆಯಿಂದ ಗೆರೆ ಎಳೆಯತೊಡಗಿದೆ, ಬಾಗಿಲು ಅಗಲವಾಗಿಯೇ ಬರಲಿ ಎಂದು.